ಪದದ ಅರ್ಥವೂ ಅದರ ವಾಕ್ಯವೂ

ಕನ್ನಡವನ್ನು ಕಲಿಯಹೊರಟ ಪರದೇಶೀಯನೊಬ್ಬನಿಗೆ ‘ಹೊಡೆ’ ಎಂಬ ಧಾತುವಿನ ಅರ್ಥವನ್ನು ಏನೆಂದು ಹೇಳಿಕೊಡಬೇಕು? ‘ಪೆಟ್ಟುಕೊಡು’ ಎಂದು ಬರೆಸಿದರೆ ಅವನು ಅದನ್ನೇ ಬಾಯಿಪಾಠ ಮಾಡುವನು. ಮರುದಿನ ಗೋಡೆಗೆ ಸುಣ್ಣ ಹೊಡೆಯುವವರನ್ನೂ, ಜಗಲಿಯ ಮೇಲೆ ಹರಟೆ ಹೊಡೆಯುವವರನ್ನೂ, ಗಾಡಿ ಹೊಡೆಯುವವರನ್ನೂ, ಊಟವಾದ ಮೇಲೆ ನಿದ್ದೆ ಹೊಡೆಯುವವರನ್ನೂ ಕಂಡು, ಕನ್ನಡಿಗರು ಕಂಡಕಂಡದ್ದಕ್ಕೆಲ್ಲ ಪೆಟ್ಟುಕೊಡುವ ಜನರೆಂದು ಅವನು ಭಾವಿಸಿದರೆ ತಪ್ಪು ಅವನದಲ್ಲ; ವಾಕ್ಯವನ್ನು ಕೊಡದೆ ಅರ್ಥವನ್ನು ಮಾತ್ರ ಕೊಟ್ಟ ನಮ್ಮದು.

ಇಂಗ್ಲಿಷನ್ನು ಕಲಿಯುವಾಗ ನಮಗೆ ಒದಗಿದ ಗತಿಯೂ ಇದೇ. ಹಾಳೆಯ ನಡುವೆ ಗೆರೆಯನ್ನೆಳೆದು, ಎಡಕ್ಕೆ ಇಂಗ್ಲಿಷ್ ಪದವನ್ನೂ ಬಲಕ್ಕೆ ಕನ್ನಡದ ಅರ್ಥವನ್ನೂ ಬರೆದುಕೊಂಡ ಪುಸ್ತಕಗಳು ನಮ್ಮಲ್ಲಿ ಅನೇಕರ ಬಾಲ್ಯದಲ್ಲಿದ್ದವು. ‘ಎಕ್ಸ್‌ಪ್ಲೇನ್’ ಎಂದರೆ ವಿವರಿಸು ಎಂದು ಕಲಿತೆವು. ‘ನನಗೆ ಕೊಡು’ ಎಂಬುದು ‘ಗಿವ್ ಮಿ’ ಆಗುವುದಾದರೆ ‘ನನಗೆ ವಿವರಿಸು’ ಎಂಬುದು ‘ಎಕ್ಸ್‌ಪ್ಲೇನ್ ಮಿ’ ಏಕಾಗಬಾರದು? ಹಾಗೆಯೇ ಬರೆದೆವು. ‘ಡಿಸ್ಕಸ್’ ಎಂದರೆ ಚರ್ಚಿಸು. ಕನ್ನಡದಲ್ಲಿ ವಿಷಯವನ್ನು ‘ಕುರಿತು’ ಚರ್ಚಿಸುತ್ತೇವಾದ್ದರಿಂದ ‘ಡಿಸ್ಕಸ್ ಎಬೌಟ್’ ಎಂದೂ ಬರೆದೆವು. ಉಪಾಧ್ಯಾಯರ ಕೆಂಪು ಶಾಯಿ ಎರಡನ್ನೂ ಹೊಡೆದುಹಾಕಿತು. ಕಾರಣವನ್ನು ಕೇಳಿದರೆ ‘ಆಂಗ್ಲೇಯರು ಹಾಗೆ ಹೇಳುವುದಿಲ್ಲ’ ಎಂಬುದೇ ಉತ್ತರ. ಆ ಉತ್ತರ ನಿಜವೇ. ಆದರೆ ಅವರು ಹೇಗೆ ಹೇಳುತ್ತಾರೆಂಬುದನ್ನು ತೋರಿಸಬೇಕಾಗಿದ್ದ ನಿಘಂಟು ನಮ್ಮ ಕೈಯಲ್ಲಿ ಇರಲಿಲ್ಲ. ಅರ್ಥದ ಪಕ್ಕದಲ್ಲಿ ವಾಕ್ಯವನ್ನೂ ಇಡಬೇಕೆಂಬ ಈ ಸಣ್ಣ ವಿಚಾರವು ಇಂಗ್ಲಿಷಿನಲ್ಲಿ ಬೇರೂರುವುದಕ್ಕೆ ಮೂರು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳುವ ಮೊದಲ ಅಕಾರಾದಿ ಕೋಶವೆಂದು ಎಣಿಸಲ್ಪಟ್ಟಿರುವುದು ರಾಬರ್ಟ್ ಕಾಡ್ರಿಯು 1604ರಲ್ಲಿ ಅಚ್ಚುಹಾಕಿಸಿದ ಚಿಕ್ಕ ಪುಸ್ತಕ. ಅದರಲ್ಲಿದ್ದವು ಸುಮಾರು 2,500 ಪದಗಳು. ಎಲ್ಲವೂ ಕಠಿನ ಪದಗಳು. ಒಂದೊಂದಕ್ಕೂ ಒಂದೆರಡು ಮಾತಿನ ಅರ್ಥ. ಸುಲಭವಾದ ಪದ ಎಲ್ಲರಿಗೂ ಗೊತ್ತೇ ಇರುವುದರಿಂದ ಅದಕ್ಕೆ ಕೋಶದಲ್ಲಿ ಸ್ಥಳವೇಕೆ ಎಂಬುದು ಆ ಕಾಲದ ಭಾವನೆ. ನಮ್ಮ ಅಮರಕೋಶದಲ್ಲಿಯೂ ವಾಕ್ಯಗಳಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ, ದಿಟ, ಆದರೆ ಅಮರವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಅದರೊಡನೆಯೇ ಕಾವ್ಯಪಾಠಕ್ಕೂ ಕುಳಿತುಕೊಳ್ಳುತ್ತಿದ್ದನು. ಪದ ಒಂದು ಕಡೆಯಿಂದಲೂ ಪ್ರಯೋಗ ಇನ್ನೊಂದು ಕಡೆಯಿಂದಲೂ ಬಂದು ಅವನಲ್ಲಿ ಸೇರುತ್ತಿದ್ದವು. ನಮ್ಮ ಗೆರೆ ಎಳೆದ ಪುಸ್ತಕಗಳಿಗೆ ಆ ಎರಡನೆಯ ಕಡೆ ಇರಲಿಲ್ಲ.

ಇಂಗ್ಲಿಷಿನಲ್ಲಿ ಈ ಪ್ರಯೋಗಕ್ಕೆ ಗೌರವದ ಪೀಠವನ್ನು ಕೊಟ್ಟವನು ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್. 1746ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿಗಳೊಡನೆ ಒಪ್ಪಂದ ಮಾಡಿಕೊಂಡು, ಗಫ್ ಸ್ಕ್ವೇರಿನ ಮನೆಯ ಅಟ್ಟದಲ್ಲಿ ಆರು ಮಂದಿ ಲಿಪಿಕಾರರನ್ನಿಟ್ಟುಕೊಂಡು ಅವನು ಕೆಲಸಕ್ಕೆ ತೊಡಗಿದನು. ಒಳ್ಳೆಯ ಗ್ರಂಥಕರ್ತರ ಪುಸ್ತಕಗಳನ್ನು ಓದುತ್ತ, ಬೇಕಾದ ಪದದ ಕೆಳಗೆ ಸೀಸದಕಡ್ಡಿಯಿಂದ ಗೆರೆಯೆಳೆದು, ಅಂಚಿನಲ್ಲಿ ಅದರ ಮೊದಲಕ್ಷರವನ್ನು ಬರೆಯುವನು. ಲಿಪಿಕಾರರು ಆ ವಾಕ್ಯವನ್ನು ಎತ್ತಿ ಬರೆದುಕೊಳ್ಳುವರು. 1755ರಲ್ಲಿ ಪ್ರಕಟವಾದ ಆ ನಿಘಂಟಿನಲ್ಲಿ 42,000ಕ್ಕೂ ಮೇಲ್ಪಟ್ಟ ಪದಗಳೂ ಸುಮಾರು 1,14,000 ಉದಾಹರಣ ವಾಕ್ಯಗಳೂ ಇದ್ದವು. ಪದದ ಅರ್ಥಕ್ಕೆ ಕೋಶಕಾರನ ಮಾತೇ ಪ್ರಮಾಣವೆಂಬ ಸ್ಥಿತಿ ಹೋಗಿ, ಬರೆದವರ ವಾಕ್ಯವೇ ಸಾಕ್ಷಿಯಾಯಿತು.

ಜಾನ್ಸನ್ನನು ಒಬ್ಬನೇ ಮಾಡಿದ್ದನ್ನು ಮುಂದಿನ ಶತಮಾನದಲ್ಲಿ ಒಂದು ಜನಸಮುದಾಯವೇ ಮಾಡಿತು. ಲಂಡನ್ನಿನ ಭಾಷಾಶಾಸ್ತ್ರ ಸಂಘವು 1857ರಲ್ಲಿ ಚಿಂತಿಸತೊಡಗಿದ ಮಹಾಕೋಶದ ಸಂಪಾದಕತ್ವವು 1879ರಲ್ಲಿ ಜೇಮ್ಸ್ ಮರೇ ಎಂಬ ಶಾಲಾ ಉಪಾಧ್ಯಾಯನ ಪಾಲಿಗೆ ಬಂತು. ಮಿಲ್ ಹಿಲ್ ಎಂಬಲ್ಲಿನ ತನ್ನ ಮನೆಯ ತೋಟದಲ್ಲಿ ಅವನು ತಗಡಿನ ಚಪ್ಪರವೊಂದನ್ನು ಕಟ್ಟಿಸಿ, ಹಿಂದಿನ ಸಂಪಾದಕನಿಂದ ಬಂದ ಎರಡು ಟನ್ನುಗಳಷ್ಟು ಚೀಟಿಗಳನ್ನು ಅಲ್ಲಿ ಇಳಿಸಿಕೊಂಡನು. ಒಂದು ಮೂಟೆಯಲ್ಲಿ ಸತ್ತ ಹೆಗ್ಗಣವೂ ಇನ್ನೊಂದರಲ್ಲಿ ಮರಿಗಳೊಡನೆ ಸಂಸಾರ ಹೂಡಿದ್ದ ಇಲಿಯೂ ಇದ್ದವಂತೆ! ಓದುವ ಹವ್ಯಾಸವಿರುವವರೆಲ್ಲರೂ ವಾಕ್ಯಗಳನ್ನು ಬರೆದು ಕಳುಹಿಸಬೇಕೆಂದು ಅವನು ಪ್ರಕಟಿಸಿದ ವಿಜ್ಞಾಪನೆಗೆ ಪಾದ್ರಿಗಳು, ಗೃಹಿಣಿಯರು, ಕಡೆಗೆ ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಯಲ್ಲಿ ಬಂಧಿತನಾಗಿದ್ದ ಅಮೆರಿಕದ ಸೈನ್ಯದ ವೈದ್ಯನೊಬ್ಬನೂ ಓಗೊಟ್ಟರು. 1884ರಲ್ಲಿ ಮೊದಲ ಸಂಚಿಕೆ ಹೊರಬಂತು; ಕೆಲಸ ಮುಗಿದುದು 1928ರಲ್ಲಿ. ಅದನ್ನು ನೋಡಲು ಮರೇ ಉಳಿದಿರಲಿಲ್ಲ, 1915ರಲ್ಲಿಯೇ ತೀರಿಕೊಂಡಿದ್ದನು. ಸಂಗ್ರಹವಾಗಿ ಅಚ್ಚಾದ ವಾಕ್ಯಗಳು 18 ಲಕ್ಷಕ್ಕೂ ಮೇಲೆ.

ಇದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಚೀಟಿಗಳನ್ನು ವಿಂಗಡಿಸುವಾಗ ಮರೇಗೆ ಬಳಕೆಯಿಲ್ಲದ ‘ಅಬ್ಯೂಷನ್’ ಎಂಬ ಪದಕ್ಕೆ ಸುಮಾರು ಐವತ್ತು ವಾಕ್ಯಗಳು ದೊರೆತವು. ಎಲ್ಲರ ಬಾಯಲ್ಲಿಯೂ ಇದ್ದ ‘ಅಬ್ಯೂಸ್’ ಎಂಬುದಕ್ಕೆ ಐದೂ ದೊರೆಯಲಿಲ್ಲ. ಓದುವವನ ಕಣ್ಣು ವಿಚಿತ್ರವಾದುದರ ಮೇಲೆ ನಿಲ್ಲುತ್ತದೆಯೇ ಹೊರತು ಸಾಮಾನ್ಯವಾದುದರ ಮೇಲೆ ನಿಲ್ಲುವುದಿಲ್ಲ. ಕಲಿಯುವವನಿಗೆ ಬೇಕಾದುದಾದರೋ ಆ ಸಾಮಾನ್ಯವೇ.

ಇದೇ ಕಾಲದಲ್ಲಿ ಕನ್ನಡಕ್ಕೂ ಅಂಥ ಭಾಗ್ಯವೊಂದು ಒದಗಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಪಂಡಿತರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಬೆನ್ನಿಗೆ ಹಳೆಯ ಕಾವ್ಯಗಳ ಪ್ರಯೋಗಗಳೂ ಮನೆಮಾತಿನ ಗಾದೆಗಳೂ ನಿಂತಿವೆ. ಜರ್ಮನಿಯಿಂದ ಬಂದವರು ನಮ್ಮ ಅಜ್ಜಿಯರ ಗಾದೆಯನ್ನು ಸಾಕ್ಷಿಗೆ ಕರೆದುದನ್ನು ಕಂಡಾಗ ನಮಗೆ ಸಂತೋಷದೊಡನೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಜಾನ್ಸನ್ ಮತ್ತು ಮರೇ ಇಬ್ಬರೂ ಬರೆದುದು ಇಂಗ್ಲಿಷನ್ನು ಬಲ್ಲವರಿಗಾಗಿ. ಬಲೆಯ ಹೆಣಿಗೆ ಎಂಬಷ್ಟೇ ಅರ್ಥದ ‘ನೆಟ್‌ವರ್ಕ್’ ಎಂಬ ಸಣ್ಣ ಪದವನ್ನು ವಿವರಿಸಲು ಜಾನ್ಸನ್ನನು ಬಳಸಿದ ಲ್ಯಾಟಿನ್ ಮೂಲದ ಮಾತುಗಳಿಗೆ ಇನ್ನೊಂದು ನಿಘಂಟೇ ಬೇಕು. ಪರಭಾಷೆಯ ಹುಡುಗನ ಕಷ್ಟವನ್ನು ಕಂಡವರು ಲಂಡನ್ನಿನ ಪಂಡಿತರಲ್ಲ. ನಮ್ಮ ಏಷ್ಯಾಖಂಡದ ಪಾಠಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದವರು.

ಅವರಲ್ಲೊಬ್ಬನು ಮೈಕೇಲ್ ವೆಸ್ಟ್. ಇಂಡಿಯಾ ವಿದ್ಯಾಭ್ಯಾಸದ ಇಲಾಖೆಗೆ ಸೇರಿ ಢಾಕಾ ನಗರದ ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿದ್ದ ಈತನು, ಬಂಗಾಳದ ಬಾಲಕರು ವರ್ಷಗಟ್ಟಲೆ ಇಂಗ್ಲಿಷ್ ಕಲಿತರೂ ಸರಳವಾದ ಪುಸ್ತಕವೊಂದನ್ನು ತಾವಾಗಿ ಓದಲಾರದುದನ್ನು ಕಂಡು, ಅದರ ಕಾರಣವನ್ನು ಹುಡುಕಿ 1926ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಪಾಠಪುಸ್ತಕಗಳಲ್ಲಿ ಅಪರೂಪದ ಪದಗಳು ಒತ್ತೊತ್ತಾಗಿ ಬಂದು, ಒಂದು ಸಲ ಮುಖ ತೋರಿಸಿ ಮಾಯವಾಗುತ್ತಿದ್ದವು. ವೆಸ್ಟನು ಅಂಥವನ್ನು ತೆಗೆದು ಬಳಕೆಯ ಪದಗಳನ್ನಿಟ್ಟನು. ಹೊಸ ಪದಗಳನ್ನು ವಿರಳವಾಗಿ ತಂದು, ತಂದ ಪದವು ಮತ್ತೆ ಮತ್ತೆ ಬರುವಂತೆ ಕಥೆಗಳನ್ನು ತಿದ್ದಿದನು. ಒಂದೇ ಪದವನ್ನು ಬೇರೆ ಬೇರೆ ವಾಕ್ಯಗಳಲ್ಲಿ ಕಂಡ ಹುಡುಗನಿಗೆ ಅದರ ಅರ್ಥ ಕೇಳದೆಯೇ ಪರಿಚಯವಾಗುತ್ತಿತ್ತು. 1935ರಲ್ಲಿ ಅವನೂ ಎಂಡಿಕಟ್ ಎಂಬವನೂ ಸೇರಿ ಹೊರತಂದ ನಿಘಂಟಿನಲ್ಲಿ ಸುಮಾರು 24,000 ಪದಗಳನ್ನೂ ನುಡಿಗಟ್ಟುಗಳನ್ನೂ ಕೇವಲ 1,490 ಪದಗಳಿಂದ ವಿವರಿಸಲಾಯಿತು. ಆ 1,490 ಬಂದರೆ ಉಳಿದುದಕ್ಕೆ ಬಾಗಿಲು ತೆರೆಯಿತು. ‘ನೆಟ್‌ವರ್ಕ್’ ಎಂಬಲ್ಲಿ ಜಾನ್ಸನ್ನನ ಮುಂದೆ ಎಡವಿದ ಓದುಗನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನಾವುದು?

ಇನ್ನೊಂದು ಪ್ರಯತ್ನ ಜಪಾನಿನದು. 1922ರಲ್ಲಿ ಅಲ್ಲಿಗೆ ಹೋದ ಹೆರಲ್ಡ್ ಪಾಮರ್ ಎಂಬವನು ಮರುವರ್ಷ ಟೋಕಿಯೋ ನಗರದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾಲಯವನ್ನು ಸ್ಥಾಪಿಸಿದನು. ಅವನೊಡನೆ ಸೇರಿದ ಎ. ಎಸ್. ಹಾರ್ನ್‌ಬಿ, ಯಾವ ಪದ ಯಾವ ಪದದ ಸಂಗಡ ಸಹಜವಾಗಿ ಕೂಡಿಬರುತ್ತದೆಂಬುದನ್ನು ವರ್ಷಗಟ್ಟಲೆ ಪಟ್ಟಿಮಾಡಿದನು. ಗೇಟನ್‌ಬಿ, ವೇಕ್‌ಫೀಲ್ಡ್ ಎಂಬ ಇಬ್ಬರು ಉಪಾಧ್ಯಾಯರ ಸಹಾಯದಿಂದ ಅವನು ಸಿದ್ಧಪಡಿಸಿದ ನಿಘಂಟಿನಲ್ಲಿ ಇಂಗ್ಲಿಷ್ ಕ್ರಿಯಾಪದಗಳು ವಾಕ್ಯದಲ್ಲಿ ನಿಲ್ಲುವ ರೀತಿಗಳನ್ನು 25 ಅಚ್ಚುಗಳಾಗಿ ವಿಂಗಡಿಸಿ, ಪ್ರತಿ ಕ್ರಿಯಾಪದದ ಮುಂದೆ ಅದಕ್ಕೆ ಒಪ್ಪುವ ಅಚ್ಚಿನ ಸಂಖ್ಯೆಯನ್ನು ಕಾಣಿಸಿದ್ದನು. ಎಣಿಸಬಹುದಾದ ನಾಮಪದ ಯಾವುದು, ಎಣಿಸಲಾಗದುದು ಯಾವುದು ಎಂಬ ಗುರುತೂ ಅಲ್ಲಿತ್ತು. ‘ಗಿವ್’ ಎಂಬುದರ ಅಚ್ಚಿಗೆ ‘ಎಕ್ಸ್‌ಪ್ಲೇನ್’ ಏಕೆ ಹೊಂದುವುದಿಲ್ಲವೆಂಬ ನಮ್ಮ ಹಳೆಯ ತೊಡಕನ್ನು ತಿಳಿದು ಬಿಡಿಸಿದ ಕೋಶ ಇದು. ಜಪಾನಿಗೂ ಬ್ರಿಟನ್ನಿಗೂ ಯುದ್ಧ ನಡೆಯುತ್ತಿದ್ದ 1942ರಲ್ಲಿ ಇದು ಟೋಕಿಯೋದಲ್ಲಿಯೇ ಪ್ರಕಟವಾಯಿತೆಂಬುದು ವಿಚಿತ್ರ. ಆ ವರ್ಷವೇ ಹಾರ್ನ್‌ಬಿ ಜಪಾನನ್ನು ಬಿಟ್ಟನು. ಶತ್ರುಗಳ ಭಾಷೆಯನ್ನು ಕಲಿಸುವ ಆ ಪುಸ್ತಕವನ್ನು ಆಕ್ಸ್‌ಫರ್ಡ್ ಮುದ್ರಣಾಲಯವು 1948ರಲ್ಲಿ ಪುನಃ ಅಚ್ಚುಹಾಕಿಸಿ ಲೋಕಕ್ಕೆಲ್ಲ ಹಂಚಿತು. ನಮ್ಮ ದೇಶದ ವಿದ್ಯಾರ್ಥಿಗಳ ಮೇಜಿನ ಮೇಲೆ ಇಂದಿಗೂ ಕಾಣುವ ಆಕ್ಸ್‌ಫರ್ಡ್ ನಿಘಂಟು ಅದರ ಸಂತತಿಯೇ.

ಹಾರ್ನ್‌ಬಿಯ ಕೋಶದ ವಾಕ್ಯಗಳಲ್ಲಿ ಬಹುಪಾಲು ಬೋಧನೆಗೆಂದೇ ಹೆಣೆದವು. 1987ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ಮತ್ತು ಅವನ ಸಂಗಡಿಗರು, ಗಣಕಯಂತ್ರದಲ್ಲಿ ಕೂಡಿಹಾಕಿದ ಲಕ್ಷಾಂತರ ನಿಜವಾದ ವಾಕ್ಯಗಳಿಂದಲೇ ಉದಾಹರಣೆಗಳನ್ನು ಆರಿಸಿ ಹೊಸ ಕೋಶವನ್ನು ಹೊರತಂದರು. ಕಲ್ಪಿಸಿದ ವಾಕ್ಯ ಯಾರೂ ಆಡದ ವಾಕ್ಯವೆಂಬುದು ಅವರ ವಾದ. ವಾದ ಬಲವಾದುದೇ. ಆದರೂ ನಮಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ: ನಿಜವಾದ ವಾಕ್ಯವು ತನ್ನ ಹಿಂದುಮುಂದಿನ ಸಂದರ್ಭದಿಂದ ಕಿತ್ತುಬಂದಾಗ ಬಾಲಕನಿಗೆ ಕಲ್ಪಿತ ವಾಕ್ಯಕ್ಕಿಂತಲೂ ಅಪರಿಚಿತವಾಗಿ ತೋರಬಹುದು.

ಈಚೆಗೆ ನೆರೆಮನೆಯ ಹುಡುಗಿಯೊಬ್ಬಳ ಪದಗಳ ಪುಸ್ತಕವನ್ನು ನೋಡಿದೆವು. ನಮ್ಮ ಕಾಲದ ಎರಡು ಸಾಲುಗಳ ಪಕ್ಕದಲ್ಲಿ ಮೂರನೆಯ ಸಾಲೊಂದಿತ್ತು. ಅಲ್ಲಿ ಅವಳೇ ರಚಿಸಿದ ವಾಕ್ಯಗಳು. ‘ಡಿಸ್ಕಸ್’ ಎಂಬುದರ ಎದುರಿಗೆ, ತಾಯಿಯೂ ತರಕಾರಿಯವಳೂ ಬದನೆಕಾಯಿಯ ಬೆಲೆಯನ್ನು ಚರ್ಚಿಸಿದರೆಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನಡುವೆ ‘ಎಬೌಟ್’ ಎಂದು ಬರೆದು, ಅದನ್ನು ತಾನೇ ಹೊಡೆದುಹಾಕಿದ್ದಳು.