ಕರಿ ಸೋಯಾದ ಋಣ

ಇತಿಹಾಸ ಅಂದ ಕೂಡಲೇ ರಾಜರು, ಯುದ್ಧಗಳು ನೆನಪಾಗುತ್ತವೆ. ನನಗೆ ಮಾತ್ರ ಈಚೆಗೆ ಬೀಜಗಳ ಇತಿಹಾಸದ ಹುಚ್ಚು ಹಿಡಿದಿದೆ! ಅಮೆರಿಕದ ಸೋಯಾಬೀನ್ ಬೆಳೆಯನ್ನು ಕಾಪಾಡಿದ ಕರಿಕಾಳಿನ ಕಥೆ ಅದರಲ್ಲೊಂದು.

1954ರಲ್ಲಿ ಉತ್ತರ ಕೆರೊಲಿನಾದ ನ್ಯೂ ಹ್ಯಾನೋವರ್ ಕೌಂಟಿಯಲ್ಲಿ ಸೋಯಾ ಗಿಡಗಳು ಹಳದಿಯಾಗಿ, ಕುಳ್ಳಾಗಿ ನಿಂತುಬಿಟ್ಟವು. ಬೇರಿನ ಮೇಲೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು. ಅದು ಸಿಸ್ಟ್ ನೆಮಟೋಡ್ ಎಂಬ ಜಂತುಹುಳು. ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು ಅಲ್ಲೇ. ಹೆಣ್ಣುಹುಳು ಬೇರಿನ ರಸ ಹೀರುತ್ತಾ ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡೇ ಸಾಯುತ್ತದೆ. ಅದರ ಒಣಗಿದ ಮೈಯೇ ಮೊಟ್ಟೆಗಳಿಗೆ ಕೋಟೆ. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಟ್ರ್ಯಾಕ್ಟರ್ ಗಾಲಿಗೆ ಮೆತ್ತಿದ ಮಣ್ಣು ಸಾಕು, ಪಕ್ಕದ ಹೊಲಕ್ಕೂ ಹೋಯಿತು ಅಂತಲೇ ಲೆಕ್ಕ.

ರಾಸ್ ಮತ್ತು ಬ್ರಿಮ್ ಎಂಬ ವಿಜ್ಞಾನಿಗಳು ಸಾವಿರಾರು ತಳಿಗಳನ್ನು ಪರೀಕ್ಷಿಸಿ 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಳುವನ್ನು ತಡೆದದ್ದು ಬೆರಳೆಣಿಕೆಯವು. ಅವುಗಳಲ್ಲಿ ಮುಖ್ಯವಾದದ್ದು 'ಪೀಕಿಂಗ್', ಎಂದೋ ಚೀನಾದಿಂದ ತಂದಿಟ್ಟಿದ್ದ ಕರಿಕಾಳಿನ ತಳಿ. ಆದರೆ ಮಾರುಕಟ್ಟೆಗೆ ಬೇಕಿದ್ದದ್ದು ಹಳದಿ ಕಾಳು. ತಮಾಷೆ ಏನೆಂದರೆ, ನಿರೋಧಕ ಶಕ್ತಿ ಕೊಡುವ ಜೀನುಗಳಲ್ಲಿ ಒಂದು, ಸಿಪ್ಪೆಯ ಬಣ್ಣದ ಜೀನಿಗೆ ಅಂಟಿಕೊಂಡಂತೆ ಕೂತಿತ್ತು! ಕಪ್ಪು ಬಿಡಿಸಲು ಹೋದರೆ ಶಕ್ತಿಯೂ ಹೊರಟುಹೋಗುತ್ತಿತ್ತು. ಎರಡೂ ಬೇರೆಯಾದ ಅಪರೂಪದ ಗಿಡಗಳನ್ನು ಹುಡುಕಿ, 'ಲೀ' ಎಂಬ ತಳಿಯೊಂದಿಗೆ ಮತ್ತೆ ಮತ್ತೆ ಸಂಕರ ಮಾಡಿ, 1966ರ ಹೊತ್ತಿಗೆ 'ಪಿಕೆಟ್' ಎಂಬ ಹಳದಿ ಕಾಳಿನ ತಳಿ ತಂದರು.

ಹುಳು ಸುಮ್ಮನಿದ್ದೀತೇ? ಪೀಕಿಂಗ್ ವಂಶದ ಬೇರಿನಲ್ಲೂ ಬದುಕಬಲ್ಲ ಹುಳುಗಳು ಹೆಚ್ಚಿದವು. ಆಗ ನೆರವಿಗೆ ಬಂದದ್ದು ಚೀನಾದ್ದೇ ಇನ್ನೊಂದು ಕರಿ ಸೋಯಾ. ಅದಕ್ಕೆ ಹೆಸರೂ ಇಲ್ಲ, ಬರೀ ಸಂಖ್ಯೆ: ಪಿಐ 88788. 1978ರ 'ಬೆಡ್‌ಫೋರ್ಡ್', 1981ರ 'ಫಯೆಟ್' ಇದರ ವಂಶದವು. ಇದರ ಗುಟ್ಟು ರಟ್ಟಾದದ್ದು 2012ರಲ್ಲಿ. ಸಾಮಾನ್ಯ ಸೋಯಾದಲ್ಲಿ ಒಂದೇ ಪ್ರತಿ ಇರುವ ಜೀನುಗಳ ಒಂದು ತುಣುಕು ಇದರಲ್ಲಿ 10 ಸಲ ಪುನರಾವರ್ತನೆಯಾಗಿದೆ!

ಈ ಕಥೆಯಲ್ಲಿ ನನಗೆ ದಿಗಿಲು ಹುಟ್ಟಿಸುವುದು ಮುಂದಿನ ಭಾಗ. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಮಾರಾಟವಾದ ನಿರೋಧಕ ತಳಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ದಶಕಗಳ ಕಾಲ ಈ ಒಂದೇ ಮೂಲವನ್ನು ನೆಚ್ಚಿಕೊಂಡವು. ವರ್ಷವರ್ಷವೂ ಅದೇ ಬೇರು ತಿಂದು ಹುಳು ಅದಕ್ಕೂ ಒಗ್ಗಿಕೊಂಡಿತು. ಚೀಲದ ಮೇಲೆ 'ನಿರೋಧಕ' ಅಂತ ಇರುತ್ತದೆ, ಬೇರಿನ ಮೇಲೆ ಗುಳ್ಳೆಗಳೂ ಇರುತ್ತವೆ! ಈಗ ತಜ್ಞರು ಮತ್ತೆ ಪೀಕಿಂಗ್ ಮೂಲದ ತಳಿಗಳನ್ನು ಸರದಿಯಲ್ಲಿ ಬಿತ್ತಿ, ನಡುವೆ ಜೋಳದಂಥ ಬೇರೆ ಬೆಳೆ ಹಾಕಿ ಅನ್ನುತ್ತಾರೆ.

ಮಾರುಕಟ್ಟೆ ಬೇಡವೆಂದ ಕರಿಕಾಳನ್ನು ಯಾರೋ ಪೊಟ್ಟಣ ಕಟ್ಟಿ ಕಾಪಾಡಿದ್ದರಿಂದ ಎರಡು ಸಲ ಬೆಳೆ ಉಳಿಯಿತು. ಮೂರನೆಯ ಸಲಕ್ಕೆ ಬೇಕಾದ ಕಾಳು ಇಂದು ಯಾರ ಮನೆಯ ಗಡಿಗೆಯಲ್ಲಿದೆಯೋ!