ಮನೆಯ ನಿಸ್ತಂತು ಜಾಲದಲ್ಲಿ ಸಂಗೀತ ಸಂಗ್ರಹದ ಹಂಚಿಕೆ

ಸಂಗೀತ ಸಂಗ್ರಹದ ಹಂಚಿಕೆ ಎಂದರೆ ಒಂದು ಗಣಕಯಂತ್ರದಲ್ಲಿ ಕೂಡಿಟ್ಟ ಹಾಡುಗಳನ್ನು ಅದೇ ಮನೆಯ ವೈ-ಫೈ ಜಾಲಕ್ಕೆ ಸೇರಿದ ಇತರ ಗಣಕಯಂತ್ರಗಳಲ್ಲಿ, ನಕಲು ಮಾಡಿಕೊಳ್ಳದೆಯೇ, ಕೇಳುವ ವ್ಯವಸ್ಥೆ. ಹಾಡುಗಳಿರುವ ಯಂತ್ರವನ್ನು ಸರ್ವರ್ ಎಂದೂ ಅವನ್ನು ಪಡೆದು ನುಡಿಸುವ ಯಂತ್ರವನ್ನು ಕ್ಲೈಂಟ್ ಎಂದೂ ಕರೆಯಲಾಗುತ್ತದೆ. ಈ ವ್ಯವಸ್ಥೆಯಲ್ಲಿ ಎರಡು ಪ್ರತ್ಯೇಕ ಕಾರ್ಯಗಳಿವೆ. ಸಂಗ್ರಹ ಎಲ್ಲಿದೆ ಎಂಬುದನ್ನು ಕ್ಲೈಂಟ್ ಕಂಡುಕೊಳ್ಳುವುದು ಮೊದಲನೆಯದು. ಹಾಡಿನ ಕಡತವನ್ನು ಸರ್ವರ್ ರವಾನಿಸುವುದು ಎರಡನೆಯದು. ಇವೆರಡರಲ್ಲಿ ಯಾವುದು ಕೆಟ್ಟಿದೆ ಎಂದು ಮೊದಲು ತಿಳಿದರೆ ದೋಷದ ಹುಡುಕಾಟ ಸುಲಭವಾಗುತ್ತದೆ. ಹಾಗೆ ತಿಳಿಯದೆ ಫೈರ್‌ವಾಲ್ ತೆಗೆದುಹಾಕುವಂತಹ ಕ್ರಮಗಳಿಗೆ ಕೈಹಾಕಿದರೆ ಸಂಗೀತದ ಜೊತೆಗೆ ಮನೆಯ ಖಾಸಗಿ ಕಡತಗಳೂ ಪರರಿಗೆ ತೆರೆದುಕೊಳ್ಳುವ ಅಪಾಯವಿದೆ.

ಇತಿಹಾಸ

ಆ್ಯಪಲ್ ಸಂಸ್ಥೆ 2003ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಐಟ್ಯೂನ್ಸ್ 4ನೆಯ ಆವೃತ್ತಿಯು ಈ ಸೌಲಭ್ಯವನ್ನು ಜನಪ್ರಿಯಗೊಳಿಸಿತು. ಇದಕ್ಕಾಗಿ ಸಂಸ್ಥೆಯು ಡಿಎಎಪಿ ಎಂಬ ಪ್ರೊಟೊಕಾಲ್ ಅನ್ನು ರೂಪಿಸಿತು. ಆರಂಭದಲ್ಲಿ ಅಂತರಜಾಲದ ಮೂಲಕವೂ ಪರರ ಸಂಗ್ರಹಕ್ಕೆ ಸಂಪರ್ಕ ಕಲ್ಪಿಸಿಕೊಳ್ಳಬಹುದಾಗಿತ್ತು. ಅಪರಿಚಿತರ ನಡುವೆ ಹಾಡುಗಳ ಹಂಚಿಕೆ ಆರಂಭವಾದುದರಿಂದ, ಅದೇ ವರ್ಷದ ಮೇ ತಿಂಗಳಲ್ಲಿ ಬಂದ 4.0.1 ಆವೃತ್ತಿಯು ಹಂಚಿಕೆಯನ್ನು ಸ್ಥಳೀಯ ಜಾಲಕ್ಕೆ ಮಾತ್ರ ಸೀಮಿತಗೊಳಿಸಿತು. ಮೊದಲು ಏಕಕಾಲಕ್ಕೆ ಐದು ಯಂತ್ರಗಳು ಸಂಪರ್ಕ ಹೊಂದಬಹುದಿತ್ತು; ನಂತರದ ಆವೃತ್ತಿಗಳಲ್ಲಿ ಈ ಮಿತಿಯನ್ನು 24 ಗಂಟೆಗಳಿಗೆ ಐದು ಯಂತ್ರಗಳು ಎಂದು ಬಿಗಿಗೊಳಿಸಲಾಯಿತು.

2006ರಲ್ಲಿ ಬಂದ ಐಟ್ಯೂನ್ಸ್ 7 ದೃಢೀಕರಣದ ವಿಧಾನವನ್ನು ಬದಲಿಸಿದ್ದರಿಂದ ಇತರ ತಂತ್ರಾಂಶಗಳು ಅದರ ಸಂಗ್ರಹವನ್ನು ತೆರೆಯಲಾರದೆ ಹೋದವು. 2009ರ ಸೆಪ್ಟೆಂಬರ್‌ನಲ್ಲಿ ಐಟ್ಯೂನ್ಸ್ 9 'ಹೋಮ್ ಶೇರಿಂಗ್' ಸೌಲಭ್ಯವನ್ನು ತಂದಿತು. ಇದರಲ್ಲಿ ಒಂದೇ ಆ್ಯಪಲ್ ಐಡಿ ಬಳಸುವ ಐದು ಗಣಕಯಂತ್ರಗಳವರೆಗೆ ಹಾಡುಗಳನ್ನು ಕೇಳಬಹುದಲ್ಲದೆ ನಕಲು ಮಾಡಿಕೊಳ್ಳಲೂಬಹುದು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಲ್ಲಿ ಐಟ್ಯೂನ್ಸ್ ಅನ್ನು ಬೇರೆ ಬೇರೆ ಅನ್ವಯಗಳಾಗಿ ವಿಂಗಡಿಸಲಾಯಿತು. ಹಂಚಿಕೆಯ ಆಯ್ಕೆಯು ಅಂದಿನಿಂದ ಸಂಗೀತ ಅನ್ವಯದಲ್ಲಿಲ್ಲ. ಅದು ಕಾರ್ಯಾಚರಣಾ ವ್ಯವಸ್ಥೆಯ ಸೆಟ್ಟಿಂಗ್‌ಗಳಲ್ಲಿನ 'ಶೇರಿಂಗ್' ವಿಭಾಗದಲ್ಲಿದೆ.

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಮೀಡಿಯಾ ಪ್ಲೇಯರ್ ಯುಪಿಎನ್‌ಪಿ ಮತ್ತು ಡಿಎಲ್‌ಎನ್‌ಎ ಎಂಬ ಬೇರೆ ಮಾನದಂಡಗಳನ್ನು ಅವಲಂಬಿಸಿದೆ. ವಿಂಡೋಸ್ 7ರಲ್ಲಿ ಪರಿಚಯವಾದ 'ಹೋಮ್‌ಗ್ರೂಪ್' ಸೌಲಭ್ಯವನ್ನು 2018ರಲ್ಲಿ ವಿಂಡೋಸ್ 10ರ 1803 ಆವೃತ್ತಿಯಿಂದ ಕೈಬಿಡಲಾಯಿತು. ಲಿನಕ್ಸ್‌ನ ರಿದಮ್‌ಬಾಕ್ಸ್ ತಂತ್ರಾಂಶವು ಡಿಎಎಪಿ ವಿಧಾನವನ್ನು ಬೆಂಬಲಿಸುತ್ತದೆ.

ಕಾರ್ಯವಿಧಾನ

ಡಿಎಎಪಿ ವ್ಯವಸ್ಥೆಯಲ್ಲಿ ಸರ್ವರ್ ತನ್ನ ಇರುವಿಕೆಯನ್ನು ಬೋಂಜೂರ್ ಎಂಬ ತಂತ್ರಜ್ಞಾನದ ಮೂಲಕ ಸಾರುತ್ತದೆ. ಊರಿನಲ್ಲಿ ಡಂಗುರ ಸಾರಿದಂತೆ, ಈ ಸಂದೇಶ ಯಾವುದೋ ಒಂದು ಯಂತ್ರವನ್ನು ಉದ್ದೇಶಿಸಿದ್ದಲ್ಲ. ಜಾಲದಲ್ಲಿ ಕೇಳಬಯಸುವ ಎಲ್ಲ ಯಂತ್ರಗಳಿಗೂ ಅದು ಸಲ್ಲುತ್ತದೆ. ಇದನ್ನು ಮಲ್ಟಿಕ್ಯಾಸ್ಟ್ ಎನ್ನುತ್ತಾರೆ. ಬೋಂಜೂರ್ ಇದಕ್ಕಾಗಿ 224.0.0.251 ಎಂಬ ವಿಳಾಸವನ್ನೂ ಯುಡಿಪಿ 5353 ಪೋರ್ಟನ್ನೂ ಬಳಸುತ್ತದೆ. ಡಿಎಲ್‌ಎನ್‌ಎ ಸಾಧನಗಳು ಇದೇ ಕೆಲಸಕ್ಕೆ 239.255.255.250 ವಿಳಾಸ ಮತ್ತು ಯುಡಿಪಿ 1900 ಪೋರ್ಟನ್ನು ಉಪಯೋಗಿಸುತ್ತವೆ.

ಸಂಗ್ರಹವನ್ನು ಕಂಡುಕೊಂಡ ನಂತರ ಕ್ಲೈಂಟ್ ನೇರವಾಗಿ ಸರ್ವರ್‌ನ ಐಪಿ ವಿಳಾಸಕ್ಕೆ ಸಂಪರ್ಕಿಸಿ ಹಾಡುಗಳ ಪಟ್ಟಿಯನ್ನೂ ಕಡತಗಳನ್ನೂ ಪಡೆಯುತ್ತದೆ. ಡಿಎಎಪಿಯಲ್ಲಿ ಈ ಸಂಪರ್ಕ ಟಿಸಿಪಿ 3689 ಪೋರ್ಟಿನ ಮೂಲಕ ನಡೆಯುತ್ತದೆ. ಎರಡು ಕಾರ್ಯಗಳ ದಾರಿ ಬೇರೆಯಾದುದರಿಂದಲೇ, ಅಂತರಜಾಲ ಸರಿಯಾಗಿ ದೊರೆಯುತ್ತಿರುವ ಮನೆಯಲ್ಲಿಯೂ ಪಕ್ಕದ ಕೋಣೆಯ ಸಂಗ್ರಹ ಕಾಣದಿರುವುದು ಸಾಧ್ಯ.

ಸಂಗ್ರಹವೇ ಕಾಣದಿರುವುದು

ಇದು ಗುರುತಿಸುವ ಹಂತದ ದೋಷ. ಇದರ ಮುಖ್ಯ ಕಾರಣಗಳು ಹೀಗಿವೆ:

* ಸರ್ವರ್ ನಿದ್ರಾಸ್ಥಿತಿಗೆ ಜಾರಿರುವುದು, ಹಂಚಿಕೆಯ ಆಯ್ಕೆ ಸಕ್ರಿಯವಾಗಿಲ್ಲದಿರುವುದು ಅಥವಾ ಐಟ್ಯೂನ್ಸ್ ತೆರೆದಿಲ್ಲದಿರುವುದು. ಹೋಮ್ ಶೇರಿಂಗ್‌ನಲ್ಲಿ ಎರಡೂ ಯಂತ್ರಗಳು ಒಂದೇ ಆ್ಯಪಲ್ ಐಡಿ ಬಳಸದಿರುವುದೂ ಕಾರಣವಾಗುತ್ತದೆ.
* ಯಂತ್ರಗಳು ಬೇರೆ ಬೇರೆ ಉಪಜಾಲಗಳಲ್ಲಿರುವುದು. ಸೇವಾದಾರರು ಕೊಟ್ಟ ರೂಟರ್‌ನ ಜೊತೆಗೆ ಇನ್ನೊಂದು ರೂಟರ್ ಅಳವಡಿಸಿದ ಮನೆಗಳಲ್ಲಿ ಒಂದು ಯಂತ್ರಕ್ಕೆ 192.168.0.5, ಇನ್ನೊಂದಕ್ಕೆ 192.168.1.5 ಎಂಬಂತಹ ವಿಳಾಸಗಳು ದೊರೆಯುತ್ತವೆ. ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದರೆ ಇವು ಎರಡು ಪ್ರತ್ಯೇಕ ಜಾಲಗಳು. ಎರಡನೆಯ ರೂಟರನ್ನು 'ಆ್ಯಕ್ಸೆಸ್ ಪಾಯಿಂಟ್' ರೀತಿಯಲ್ಲಿ ಬಳಸುವುದು ಇದಕ್ಕೆ ಪರಿಹಾರ.
* ಒಂದು ಯಂತ್ರ ಅತಿಥಿ ಜಾಲಕ್ಕೆ ಸೇರಿರುವುದು. ಅತಿಥಿಗಳ ಯಂತ್ರಗಳು ಮನೆಯ ಯಂತ್ರಗಳನ್ನು ಮುಟ್ಟದಂತೆ ರೂಟರ್ ಉದ್ದೇಶಪೂರ್ವಕವಾಗಿಯೇ ತಡೆಯುತ್ತದೆ. ಕೆಲವು ರೂಟರ್‌ಗಳಲ್ಲಿ ಮುಖ್ಯ ಜಾಲಕ್ಕೂ ಇಂತಹ ಪ್ರತ್ಯೇಕತೆಯ ಆಯ್ಕೆ ಇರುತ್ತದೆ.
* ವಿಂಡೋಸ್‌ನಲ್ಲಿ ಮನೆಯ ಜಾಲವನ್ನು 'ಪಬ್ಲಿಕ್' ಎಂದು ಗುರುತಿಸಿರುವುದು. ಅದನ್ನು 'ಪ್ರೈವೇಟ್' ಎಂದು ಬದಲಿಸಿದರೆ ಯಂತ್ರಗಳು ಪರಸ್ಪರ ಕಾಣಿಸಿಕೊಳ್ಳಲು ಅವಕಾಶವಾಗುತ್ತದೆ.
* ವಿಪಿಎನ್ ಚಾಲನೆಯಲ್ಲಿರುವುದು. ಇದು ಸಂದೇಶಗಳನ್ನು ಮನೆಯ ಜಾಲದಿಂದ ಬೇರೆಡೆಗೆ ತಿರುಗಿಸಬಹುದು.
* ರೂಟರ್ ಮಲ್ಟಿಕ್ಯಾಸ್ಟ್ ಸಂದೇಶಗಳನ್ನು ಸರಿಯಾಗಿ ದಾಟಿಸದಿರುವುದು. ವೈ-ಫೈಯಲ್ಲಿ ಇಂತಹ ಸಂದೇಶಗಳಿಗೆ ಸ್ವೀಕೃತಿ ಇರುವುದಿಲ್ಲ. ಕಳೆದುಹೋದದ್ದನ್ನು ಮತ್ತೆ ಕಳುಹಿಸುವುದಿಲ್ಲ. ಸಂಗ್ರಹ ಒಮ್ಮೆ ಕಂಡು ಮತ್ತೊಮ್ಮೆ ಮರೆಯಾಗಲು ಇದು ಒಂದು ಕಾರಣ.

ಕಂಡರೂ ತೆರೆಯದಿರುವುದು

ಸಂಗ್ರಹದ ಹೆಸರು ಕಾಣಿಸಿಕೊಂಡಿತೆಂದರೆ ಗುರುತಿಸುವ ಹಂತ ಸರಿಯಾಗಿದೆ ಎಂದರ್ಥ. ಆಗ ಸರ್ವರ್‌ನ ಫೈರ್‌ವಾಲ್ 3689 ಪೋರ್ಟನ್ನು ತಡೆದಿದೆಯೇ, ಗುಪ್ತಪದ ಸರಿಯಿದೆಯೇ, ಬಳಕೆದಾರರ ಮಿತಿ ಮೀರಿದೆಯೇ, ಎರಡೂ ಕಡೆಯ ತಂತ್ರಾಂಶದ ಆವೃತ್ತಿಗಳು ಹೊಂದುತ್ತವೆಯೇ ಎಂದು ಪರಿಶೀಲಿಸಬೇಕು.

ಪಟ್ಟಿ ತೆರೆದು, ಕೆಲವು ಹಾಡುಗಳು ಮಾತ್ರ ನುಡಿಯದಿದ್ದರೆ ದೋಷ ಜಾಲದ್ದಲ್ಲ, ಕಡತದ್ದು. ಹಾಡುಗಳಿದ್ದ ಹೊರ ಹಾರ್ಡ್ ಡಿಸ್ಕನ್ನು ಬೇರ್ಪಡಿಸಿದ್ದರೆ ಹೆಸರುಗಳು ಉಳಿದರೂ ಹಾಡು ಬರುವುದಿಲ್ಲ. ಫ್ಲ್ಯಾಕ್ ರೂಪದ ಕಡತಗಳನ್ನು ಐಟ್ಯೂನ್ಸ್ ನುಡಿಸುವುದಿಲ್ಲ. 2009ಕ್ಕೆ ಮೊದಲು ಐಟ್ಯೂನ್ಸ್ ಮಳಿಗೆಯಲ್ಲಿ ಕೊಂಡ ಅನೇಕ ಹಾಡುಗಳಿಗೆ ನಕಲು ತಡೆಯ ರಕ್ಷಣೆಯಿದ್ದು, ಕೇಳುವ ಯಂತ್ರಕ್ಕೂ ಅಧಿಕೃತ ಅನುಮತಿ ಬೇಕಾಗುತ್ತದೆ.

ಹಾಡು ತಡೆದು ತಡೆದು ಬರುವುದು

ಸಾಮಾನ್ಯ ಎಂಪಿ3 ಹಾಡಿಗೆ ಸೆಕೆಂಡಿಗೆ 128ರಿಂದ 320 ಕಿಲೋಬಿಟ್ ಸಾಕು. ಸಂಕೋಚನವಿಲ್ಲದ ಸಿಡಿ ಗುಣಮಟ್ಟಕ್ಕೂ ಸುಮಾರು 1,411 ಕಿಲೋಬಿಟ್ ಬೇಕಾಗುತ್ತದೆ. 802.11ಬಿ ಎಂಬ ಹಳೆಯ ವೈ-ಫೈ ಮಾನದಂಡದ ಗರಿಷ್ಠ ವೇಗವೇ 11 ಮೆಗಾಬಿಟ್. ಆದ್ದರಿಂದ ಹಾಡು ತುಂಡಾಗಲು ಸಾಮಾನ್ಯವಾಗಿ ಕಾರಣವಾಗುವುದು ದುರ್ಬಲ ಸಂಕೇತ ಅಥವಾ ಅಡಚಣೆಯೇ ಹೊರತು ಅಂತರಜಾಲ ಯೋಜನೆಯ ವೇಗವಲ್ಲ. ಹಾಡು ಮನೆಯೊಳಗೇ ಸಂಚರಿಸುವುದರಿಂದ ಹೆಚ್ಚು ಹಣ ತೆತ್ತು ವೇಗದ ಯೋಜನೆಗೆ ಬದಲಾದರೂ ಪ್ರಯೋಜನವಿಲ್ಲ.

2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಮೈಕ್ರೋವೇವ್ ಒಲೆ, ಬ್ಲೂಟೂತ್ ಸಾಧನಗಳು ಮತ್ತು ನೆರೆಮನೆಗಳ ರೂಟರ್‌ಗಳು ಅಡ್ಡಿಯುಂಟುಮಾಡುತ್ತವೆ. ಇಲ್ಲಿ 1, 6 ಮತ್ತು 11ನೆಯ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲವಾದ್ದರಿಂದ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ವಾಡಿಕೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ದಟ್ಟಣೆ ಕಡಿಮೆ; ಆದರೆ ಗೋಡೆಗಳನ್ನು ದಾಟುವ ಶಕ್ತಿಯೂ ಕಡಿಮೆ. ಸರ್ವರನ್ನು ಮಾತ್ರ ತಂತಿಯ ಮೂಲಕ ರೂಟರ್‌ಗೆ ಜೋಡಿಸಿದರೂ ನಿಸ್ತಂತು ಜಾಲದ ಹೊರೆ ಗಣನೀಯವಾಗಿ ತಗ್ಗುತ್ತದೆ.

ಪರೀಕ್ಷೆಯ ಕ್ರಮ

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡುವುದು ಉತ್ತಮ. ಮೊದಲು ಎರಡೂ ಯಂತ್ರಗಳ ಐಪಿ ವಿಳಾಸಗಳನ್ನು ಹೋಲಿಸಬೇಕು. ವಿಳಾಸ 169.254 ಎಂದು ಆರಂಭವಾದರೆ ಆ ಯಂತ್ರಕ್ಕೆ ರೂಟರ್‌ನಿಂದ ವಿಳಾಸವೇ ದೊರೆತಿಲ್ಲ. ನಂತರ ಪಿಂಗ್ ಆದೇಶದಿಂದ ಒಂದು ಯಂತ್ರ ಇನ್ನೊಂದನ್ನು ತಲುಪುತ್ತದೆಯೇ ಎಂದು ನೋಡಬೇಕು. ಫೈರ್‌ವಾಲ್ ಪಿಂಗನ್ನು ತಡೆಯಬಹುದಾದ್ದರಿಂದ ಉತ್ತರ ಬಾರದಿರುವುದೊಂದೇ ನಿರ್ಣಾಯಕವಲ್ಲ. ರಿದಮ್‌ಬಾಕ್ಸ್‌ನಂತಹ ತಂತ್ರಾಂಶದಲ್ಲಿ ಸರ್ವರ್‌ನ ವಿಳಾಸವನ್ನು ನೇರವಾಗಿ ನಮೂದಿಸಬಹುದು. ಹಾಗೆ ನಮೂದಿಸಿದಾಗ ಸಂಗ್ರಹ ತೆರೆದುಕೊಂಡು, ತಾನಾಗಿ ಮಾತ್ರ ಕಾಣದಿದ್ದರೆ ದೋಷ ಮಲ್ಟಿಕ್ಯಾಸ್ಟ್‌ನಲ್ಲಿದೆ ಎಂದು ತಿಳಿಯಬಹುದು. ಎರಡೂ ಯಂತ್ರಗಳನ್ನು ತಾತ್ಕಾಲಿಕವಾಗಿ ತಂತಿಯಿಂದ ಒಂದೇ ರೂಟರ್‌ಗೆ ಜೋಡಿಸಿದಾಗ ಎಲ್ಲವೂ ಸರಿಯಾದರೆ ದೋಷ ನಿಸ್ತಂತು ಭಾಗದ್ದು.

ಕನ್ನಡ ಹೆಸರುಗಳ ಸಮಸ್ಯೆ

ಹಂಚಿಕೆಯಲ್ಲಿ ಹಾಡಿನ ಶೀರ್ಷಿಕೆ ಮತ್ತು ಗಾಯಕರ ಹೆಸರು ಕಡತದೊಳಗಿನ ಐಡಿ3 ಟಿಪ್ಪಣಿಯಿಂದ ಬರುತ್ತವೆ. ಮೊದಲ ಆವೃತ್ತಿಯ ಐಡಿ3 ಶೀರ್ಷಿಕೆಗೆ 30 ಬೈಟ್‌ಗಳನ್ನು ಮಾತ್ರ ನೀಡುತ್ತಿತ್ತು. ಯೂನಿಕೋಡ್‌ಗೆ ಅದರಲ್ಲಿ ವ್ಯವಸ್ಥೆ ಇರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳ ಸಂಕೇತದಲ್ಲಿ ನಮೂದಿಸಿದ ಹೆಸರುಗಳು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಇದು ಜಾಲದ ದೋಷವಲ್ಲ. ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಐಡಿ3ಯ ಎರಡನೆಯ ಆವೃತ್ತಿಯಲ್ಲಿ ಉಳಿಸಿದರೆ ಅವು ಸರಿಯಾಗಿ ಕಾಣಿಸುತ್ತವೆ.

ಸುರಕ್ಷತೆ ಮತ್ತು ಮಿತಿಗಳು

ಫೈರ್‌ವಾಲನ್ನು ಪೂರ್ಣವಾಗಿ ನಿಷ್ಕ್ರಿಯಗೊಳಿಸುವ ಬದಲು ಸಂಬಂಧಿಸಿದ ತಂತ್ರಾಂಶಕ್ಕೆ ಮಾತ್ರ, ಖಾಸಗಿ ಜಾಲದಲ್ಲಿ ಮಾತ್ರ ಅನುಮತಿ ನೀಡುವುದು ಸರಿಯಾದ ಕ್ರಮ. ಪರೀಕ್ಷೆಗಾಗಿ ಅದನ್ನು ನಿಲ್ಲಿಸಿದ್ದರೆ ಕೂಡಲೇ ಮರಳಿ ಚಾಲನೆಗೊಳಿಸಬೇಕು. ರೂಟರ್‌ನಲ್ಲಿ 3689 ಪೋರ್ಟನ್ನು ಹೊರಗಿನ ಅಂತರಜಾಲಕ್ಕೆ ತೆರೆಯುವುದು ಮನೆಯೊಳಗಿನ ಹಂಚಿಕೆಗೆ ಅನಗತ್ಯ ಮತ್ತು ಅಪಾಯಕರ. ವಿದ್ಯಾರ್ಥಿನಿಲಯ, ಕಚೇರಿ ಮುಂತಾದ ಸಾಮೂಹಿಕ ಜಾಲಗಳಲ್ಲಿ ಹಂಚಿಕೆಯನ್ನು ನಿಲ್ಲಿಸುವುದು ಅಥವಾ ಗುಪ್ತಪದ ವಿಧಿಸುವುದು ಸೂಕ್ತ.

ಹಂಚಿಕೆಯು ಸಂರಕ್ಷಣೆಯಲ್ಲ ಎಂಬುದನ್ನು ಗಮನಿಸಬೇಕು. ಹಾಡು ಹಲವು ಕೋಣೆಗಳಲ್ಲಿ ಕೇಳಿಬಂದರೂ ಕಡತ ಇರುವುದು ಸರ್ವರ್‌ನ ಡಿಸ್ಕಿನಲ್ಲಿ ಮಾತ್ರ. ಆ ಡಿಸ್ಕ್ ಕೆಟ್ಟರೆ ಎಲ್ಲ ಯಂತ್ರಗಳಿಂದಲೂ ಸಂಗ್ರಹ ಒಟ್ಟಿಗೇ ಮರೆಯಾಗುತ್ತದೆ. ಕ್ಯಾಸೆಟ್ಟುಗಳಿಂದ ಡಿಜಿಟಲ್ ರೂಪಕ್ಕೆ ತಂದ, ಮತ್ತೆ ದೊರೆಯದ ಧ್ವನಿಮುದ್ರಣಗಳಿದ್ದರೆ ಅವುಗಳ ಪ್ರತ್ಯೇಕ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಕಾಪಿಡುವುದು ಅವಶ್ಯಕ.