ಲಿಮೋನ್: ಹಳಿ ಹಾಕಿದವರ ಗಡಿ

ಕೋಸ್ಟರಿಕಾದ ಲಿಮೋನ್ ಬಂದರಿನ ಚರಿತ್ರೆಯನ್ನು ಅಮೆರಿಕನ್ ಉದ್ಯಮಿ ಮೈನರ್ ಕೀತ್‌ನಿಂದ ಆರಂಭಿಸುವುದು ವಾಡಿಕೆ. ಅಲ್ಲಿನ ಜಮೈಕಾ ಮೂಲದವರ ಕಡೆಯಿಂದ ನೋಡಿದರೆ ಏಳುವ ಪ್ರಶ್ನೆಯೇ ಬೇರೆ: ರಾಜಧಾನಿಯವರೆಗೆ ಹಳಿ ಹಾಕಿದವರು ಎಲ್ಲಿಯವರೆಗೆ ಹೋಗಿ ದುಡಿಯಬಹುದಿತ್ತು?

ದೇಶದ ಕಾಫಿ ಪೆಸಿಫಿಕ್ ದಡದ ಪುಂತಾರೆನಾಸ್‌ನಲ್ಲಿ ಹಡಗೇರಿ, ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಯುರೋಪು ಸೇರುತ್ತಿತ್ತು. ಈ ಸುತ್ತು ತಪ್ಪಿಸಲೆಂದೇ 1871ರಲ್ಲಿ ರಾಜಧಾನಿಗೂ ಅಟ್ಲಾಂಟಿಕ್ ಕಡೆಯ ಲಿಮೋನ್‌ಗೂ ನಡುವೆ ರೈಲುದಾರಿಯ ಕೆಲಸ ಶುರುವಾಯಿತು. ಮರುವರ್ಷದಿಂದ ಜಮೈಕಾದ ಕೂಲಿಗಳು ಬರತೊಡಗಿದರು. ದಾರಿ ಮುಗಿದದ್ದು 1890ರಲ್ಲಿ. ಅಷ್ಟರಲ್ಲಿ ಈ ಕೆಲಸ ನಡೆಸುತ್ತಿದ್ದ ಕೀತ್ ಹಳಿಯ ಬದಿಗೆ ಬಾಳೆ ನೆಡಿಸಿದ್ದ, 1884ರ ಒಪ್ಪಂದದಲ್ಲಿ ಸರ್ಕಾರದಿಂದ ಎಂಟು ಲಕ್ಷ ಎಕರೆ ಪಡೆದಿದ್ದ. 1899ರಲ್ಲಿ ಅವನ ಬಾಳೆ ವ್ಯಾಪಾರವೂ ಸೇರಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿತು. ಕಾಫಿಯ ನೆಪದಲ್ಲಿ ಹಾಕಿದ ಹಳಿ ಬಾಳೆಯನ್ನು ಸಾಕಿತು.

ಕಂಪನಿಯ ಊರೆಂಬ ಮಾತು ಅರ್ಧ ಸತ್ಯ. ಇಂಗ್ಲಿಷ್ ಶಾಲೆ, ಪ್ರಾಟೆಸ್ಟೆಂಟ್ ಚರ್ಚು, ಪರಸ್ಪರ ನೆರವಿನ ಸಂಘಗಳನ್ನು ಕಟ್ಟಿಕೊಂಡವರು ಈ ಕೂಲಿಗಳೇ. 1910ರ ಸುಮಾರಿಗೆ, ಮುಂದೆ ಕರಿಯರ ಚಳವಳಿಯ ನಾಯಕನಾದ ಮಾರ್ಕಸ್ ಗಾರ್ವಿ ಇಲ್ಲಿ ಹಾಜರಿ ಗುಮಾಸ್ತನಾಗಿದ್ದ. ಮುಂದೆ ಅವನ ಸಂಘಟನೆಯ ಸ್ಥಳೀಯ ಶಾಖೆ 1922ರಲ್ಲಿ ಎಬ್ಬಿಸಿದ ಮರದ ಸಭಾಭವನ 2016ರ ಬೆಂಕಿಗೆ ಆಹುತಿಯಾಗುವವರೆಗೂ ಊರಿನ ಗುರುತಾಗಿತ್ತು. ಈ ಜನ ಬಹುಕಾಲ ತಮ್ಮನ್ನು ಬ್ರಿಟಿಷ್ ಪ್ರಜೆಗಳೆಂದೇ ಎಣಿಸಿದ್ದರು. ಸ್ಪ್ಯಾನಿಷ್ ಕಲಿಯುವ ಆತುರ ಅವರಿಗೇಕೆ ಇರಬೇಕಿತ್ತು?

ಕರಿಯರು ರಾಜಧಾನಿಯ ರೈಲುದಾರಿಯಲ್ಲಿ ಬರುವ ತುರಿಯಾಲ್ಬ ಊರನ್ನು ದಾಟುವುದನ್ನು ಕಾನೂನೇ ನಿಷೇಧಿಸಿತ್ತೆಂಬ ಮಾತು ಲಿಮೋನ್‌ನಲ್ಲಿ ಇಂದಿಗೂ ಕೇಳಿಬರುತ್ತದೆ. ಅಂಥ ಸಂಚಾರ ನಿಷೇಧದ ಶಾಸನ ಸಂಶೋಧಕರ ಕೈಗೆ ಸಿಕ್ಕಿಲ್ಲ. ಹಾಗೆಂದು ಆ ನೆನಪನ್ನು ಕಟ್ಟುಕತೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ರೋಗ ತಗುಲಿ ಅಟ್ಲಾಂಟಿಕ್ ಕಡೆಯ ತೋಟಗಳು ಸೊರಗಿದಾಗ ಕಂಪನಿ ಪೆಸಿಫಿಕ್ ದಡಕ್ಕೆ ಹೊರಟಿತು. 1934ರಲ್ಲಿ ಸಂಸತ್ತು ಒಪ್ಪಿದ ಕರಾರು ಆ ಹೊಸ ತೋಟಗಳಲ್ಲಿ ಕರಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಪ್ರಯಾಣಕ್ಕೆ ಅಡ್ಡಿಯಿಲ್ಲ, ಹೋದಲ್ಲಿ ಕೂಲಿಯಿಲ್ಲ ಎಂದಾದ ಮೇಲೆ, ದಿನಗೂಲಿಯವನ ಪಾಲಿಗೆ ಆ ಎರಡು ನಿಷೇಧಗಳ ನಡುವಿನ ಅಂತರ ಎಷ್ಟು? ಅದೇ ವರ್ಷ ಕಾರ್ಮಿಕ ನಾಯಕ ಕಾರ್ಲೋಸ್ ಲೂಯಿಸ್ ಫಾಯಾಸ್ ಮುಂದಾಳಾಗಿದ್ದ ಬಾಳೆ ತೋಟದ ಮಹಾ ಮುಷ್ಕರ ನಡೆಯಿತು. ಬಿಳಿಯ ಕೂಲಿಗಳ ಕೆಲಸ ಉಳಿಸುವ ಹೆಸರಿನಲ್ಲಿ ಬಂದ ವರ್ಣಭೇದದ ಕಲಮನ್ನು ಇದರ ಜೊತೆಗಿಟ್ಟೇ ಓದಬೇಕು.

1948ರ ಅಂತರ್ಯುದ್ಧದ ನಂತರ, 1949ರಲ್ಲಿ ಈ ನಿರ್ಬಂಧ ರದ್ದಾಯಿತು. ಪೌರತ್ವದ ದಾರಿಯೂ ಸಲೀಸಾಯಿತು. 1953ರಲ್ಲಿ ಅಲೆಕ್ಸ್ ಕರ್ಲಿಂಗ್ ದೇಶದ ಮೊದಲ ಕಪ್ಪು ಶಾಸಕರಾಗಿ ಆರಿಸಿ ಬಂದರು. ಅಷ್ಟು ಹೊತ್ತಿಗೆ ಕಂಪನಿಯ ಬಾಳೆ ಪೆಸಿಫಿಕ್ ಬಂದರುಗಳಲ್ಲಿ ಹಡಗೇರುತ್ತಿತ್ತು.